ಬಿಲ್ಲಿನಲ್ಲಿ ಪರೀಕ್ಷೆಯ ಹೆಸರಿರಲಿ

ಮಳೆ ಬಿದ್ದು ನೀರು ನಿಂತೊಡನೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಜ್ವರದ ದಿನಗಳು ಆರಂಭವಾಗುತ್ತವೆ. ರೇಷ್ಮೆಯನ್ನೋ ಗೊಂಬೆ ಕೆಲಸವನ್ನೋ ನೆಚ್ಚಿ ಬಾಳುವ ಮನೆಯಲ್ಲಿ ಇಬ್ಬರು ಮಕ್ಕಳು ಒಟ್ಟಿಗೆ ಹಾಸಿಗೆ ಹಿಡಿದರೆ, ಹೆತ್ತವರ ಮೊದಲ ಚಿಂತೆ ಮಕ್ಕಳದು. ಎರಡನೆಯದು ಪ್ರಯೋಗಾಲಯದ ಬಿಲ್ಲಿನದು. ಆ ಬಿಲ್ಲಿನಲ್ಲಿ ‘ಜ್ವರದ ಪರೀಕ್ಷೆ’ ಎಂಬ ಒಂದೇ ಸಾಲು, ಅದರೆದುರು ಒಂದು ಮೊತ್ತ ಇದ್ದರೆ ಹಣ ಕೊಟ್ಟವರಿಗೆ ತಿಳಿಯುವುದೇನು?

ಡೆಂಗಿ ಹಾವಳಿ ಹೆಚ್ಚಿದ್ದ 2024ರ ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರವು ಖಾಸಗಿ ಪ್ರಯೋಗಾಲಯಗಳಿಗೆ ದರಗಳನ್ನು ಗೊತ್ತುಪಡಿಸಿತು. ಎಲೈಸಾ ವಿಧಾನದ ಎನ್‌ಎಸ್1 ಪರೀಕ್ಷೆಗೆ 300 ರೂಪಾಯಿ, ಎಲೈಸಾ ಐಜಿಎಂ ಪರೀಕ್ಷೆಗೆ 300 ರೂಪಾಯಿ, ಕ್ಷಿಪ್ರ ಕಾರ್ಡ್ ಪರೀಕ್ಷೆಗೆ 250 ರೂಪಾಯಿ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದರವು ನಿಗದಿಯಾಗಿರುವುದು ಜ್ವರಕ್ಕಲ್ಲ, ಪರೀಕ್ಷೆಯ ಹೆಸರಿಗೆ. ಹೆಸರಿಲ್ಲದ ಬಿಲ್ಲಿನೆದುರು ಈ ಆದೇಶ ಮೂಕವಾಗುತ್ತದೆ.

ಹೆಸರು ಚಿಕಿತ್ಸೆಗೂ ಅಗತ್ಯ. ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್1 ಪರೀಕ್ಷೆ ಉಪಯುಕ್ತ, ಆನಂತರ ಐಜಿಎಂ. ಕಾರ್ಡ್ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುತ್ತದೆಯಾದರೂ ಖಚಿತಪಡಿಸಿಕೊಳ್ಳಲು ಎಲೈಸಾ ಬೇಕು. ಮಾಗಡಿಯಲ್ಲಿ ಪರೀಕ್ಷೆ ಮಾಡಿಸಿ ಬೆಂಗಳೂರಿನ ಆಸ್ಪತ್ರೆಗೆ ಧಾವಿಸುವ ರೋಗಿಯ ಕೈಯಲ್ಲಿ ಸ್ಪಷ್ಟ ದಾಖಲೆ ಇಲ್ಲವಾದರೆ, ಅದೇ ಪರೀಕ್ಷೆಗೆ ಮತ್ತೊಮ್ಮೆ ಹಣ ತೆರಬೇಕಾದೀತು.

ಅಮೆರಿಕದಲ್ಲಿ ಪ್ರತಿ ಪರೀಕ್ಷೆಗೂ ಐದಂಕಿಯ ಸಂಕೇತವಿದೆ. ಕೊರೋನಾ ವೈರಾಣುವಿನ ವಂಶಧಾತು ಪರೀಕ್ಷೆಗೆ 2020ರ ಮಾರ್ಚ್‌ನಲ್ಲಿ 87635 ಎಂಬ ಸಂಖ್ಯೆಯನ್ನೂ, ಕಣ್ಣಿನಿಂದಲೇ ನೋಡಿ ತಿಳಿಯುವ ಕ್ಷಿಪ್ರ ಪರೀಕ್ಷೆಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ 87811 ಎಂಬ ಸಂಖ್ಯೆಯನ್ನೂ ಕೊಡಲಾಯಿತು. ಸಂಕೇತದಿಂದ ಅಲ್ಲಿ ಚಿಕಿತ್ಸೆ ಅಗ್ಗವಾಗಲಿಲ್ಲ, ನಿಜ. ಆದರೆ ಯಾವುದಕ್ಕೆ ಹಣ ಕೇಳಲಾಗಿದೆ ಎಂಬುದು ದಾಖಲೆಯಲ್ಲಿ ಉಳಿಯುತ್ತದೆ. ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಪರೀಕ್ಷೆಯ ಹೆಸರು, ವಿಧಾನ, ದರ ಈ ಮೂರನ್ನು ಬರೆದರೆ ಸಾಕು.

ಸಣ್ಣ ಊರಿನ ಪ್ರಯೋಗಾಲಯಗಳಿಗೂ ಅವುಗಳದೇ ಕಷ್ಟಗಳಿವೆ. ಕಿಟ್ಟಿನ ಬೆಲೆ, ತಂತ್ರಜ್ಞರ ಸಂಬಳ, ಬಾಡಿಗೆ ಎಲ್ಲವೂ ಏರುತ್ತಿವೆ. ನಿಗದಿತ ದರ ಸಾಲದೆಂದಾದರೆ ಅದನ್ನು ಸರ್ಕಾರಕ್ಕೆ ಬಹಿರಂಗವಾಗಿ ತಿಳಿಸುವುದು ನ್ಯಾಯ. ಅಸ್ಪಷ್ಟವಾದ ಒಂದು ಸಾಲಿನ ಮರೆಯಲ್ಲಿ ರೋಗಿಯಿಂದ ವಸೂಲು ಮಾಡುವುದು ನ್ಯಾಯವಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳು ತಮ್ಮ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕೆಂದು ರಾಜ್ಯದ 2007ರ ಕಾಯಿದೆಯೇ ವಿಧಿಸಿದೆ.

ಓದುಗ ಬಾಂಧವರೇ, ಸರ್ಕಾರಿ ಆಸ್ಪತ್ರೆಯಲ್ಲಿ ಡೆಂಗಿ ಪರೀಕ್ಷೆಯ ಸೌಲಭ್ಯವಿದೆಯೇ ಎಂದು ಮೊದಲು ವಿಚಾರಿಸಿರಿ. ಖಾಸಗಿ ಪ್ರಯೋಗಾಲಯಕ್ಕೆ ಹೋದರೆ ರಕ್ತ ಕೊಡುವ ಮುನ್ನ ಪರೀಕ್ಷೆ ಯಾವುದು, ಜಾರಿಯಲ್ಲಿರುವ ದರವೆಷ್ಟು ಎಂದು ಕೇಳಿರಿ. ವಿವರವಾದ ಬಿಲ್ಲನ್ನು ಪಡೆದು ಜೋಪಾನವಾಗಿಡಿರಿ. ಹೆಚ್ಚು ವಸೂಲು ಮಾಡಿದ್ದಾರೆಂದು ಕಂಡರೆ ಆ ಬಿಲ್ಲಿನೊಡನೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ. ಓದು ಬಾರದ ನೆರೆಯವರಿದ್ದರೆ ಅವರ ಬಿಲ್ಲನ್ನೂ ಓದಿ ಹೇಳಿರಿ. ವೈದ್ಯರೊಡನೆ ಜಗಳವಾಡಿರೆಂದು ನಾವು ಹೇಳುತ್ತಿಲ್ಲ. ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಅವಿನಯವಲ್ಲ. ಕೇಳುವ ಮುನ್ನವೇ ಲೆಕ್ಕ ಕೊಡುವುದು ಸೇವೆಯ ಮೊದಲ ಲಕ್ಷಣ.