ಕ್ಲಚ್ಚಿಲ್ಲದ ಕಾರು ಜೋಗಿಮಟ್ಟಿ ಇಳಿಯುವಾಗ

ಚಿತ್ರದುರ್ಗದ ಪೇಟೆ ದಾಟಿ ಆಡುಮಲ್ಲೇಶ್ವರದ ಕಿರು ಮೃಗಾಲಯದ ಕಡೆಗೆ ಹೊರಟರೆ ಮುಂದೆ ಜೋಗಿಮಟ್ಟಿಯ ಏರು ಎದುರಾಗುತ್ತದೆ. ಕಿರಿದಾದ ಕಾಡುರಸ್ತೆ, ತಿರುವಿನ ಮೇಲೆ ತಿರುವು, ಬೆಟ್ಟದ ಸಾಲಿನಲ್ಲಿ ಗಿರಗಿರನೆ ತಿರುಗುವ ಗಾಳಿಯಂತ್ರಗಳು. ಒಂದು ಭಾನುವಾರ ಬೆಳಿಗ್ಗೆ ಈ ದಾರಿಯಲ್ಲಿ ಒಂದು ಕುಟುಂಬ ಹೊರಟಿದೆ ಎಂದಿಟ್ಟುಕೊಳ್ಳಿ. ಅಪ್ಪ ಹೊಸದಾಗಿ ಕೊಂಡ ಆಟೊಮ್ಯಾಟಿಕ್ ಕಾರು. ಎಡಗಾಲಿಗೆ ಕೆಲಸವೇ ಇಲ್ಲ. ಪಕ್ಕದಲ್ಲಿ ಸೋದರಮಾವ. ಇಪ್ಪತ್ತು ವರ್ಷ ಹೆದ್ದಾರಿಯಲ್ಲಿ ಲಾರಿ ಓಡಿಸಿದವರು. ಹಿಂದಿನ ಸೀಟಿನಲ್ಲಿ ಪಿಯುಸಿ ಓದುವ ಮಗಳು.

“ಭಾವ, ಗೇರೇ ಹಾಕದ ಗಾಡಿ ಇದೆಂಥ ಗಾಡಿ? ಏರಿನಲ್ಲಿ ಕೈಕೊಟ್ಟರೆ?” ಎನ್ನುತ್ತಾರೆ ಮಾವ.

“ಅದೇ ಹಾಕಿಕೊಳ್ಳುತ್ತದಪ್ಪ, ನೀನು ಸುಮ್ಮನೆ ಕುಳಿತುಕೋ” ಎನ್ನುತ್ತಾರೆ ಅಪ್ಪ.

ಮಗಳ ಪ್ರಶ್ನೆ ಇವರಿಬ್ಬರದಕ್ಕಿಂತ ಒಂದು ಹೆಜ್ಜೆ ಹಿಂದಿನದು. “ಮಾವ, ಕಾರಿಗೆ ಗೇರು ಯಾಕೆ ಬೇಕು?”

ಇಂಥ ಪ್ರಶ್ನೆಗೆ ಉತ್ತರ ಗೊತ್ತಾದರೆ ಮೊದಲಿನ ಜಗಳ ತಾನಾಗಿಯೇ ಬಗೆಹರಿಯುತ್ತದೆ.

ಗೇರು ಏಕೆ?

ಪೆಟ್ರೋಲ್ ಎಂಜಿನ್ನಿಗೆ ಒಂದು ದೌರ್ಬಲ್ಯವಿದೆ. ಅದು ನಿಂತಲ್ಲಿಂದ ಬಲ ಕೊಡಲಾರದು. ನಿಮಿಷಕ್ಕೆ ಏಳೆಂಟು ನೂರು ಸುತ್ತಿಗಿಂತ ಕೆಳಗಿಳಿದರೆ ಆರಿಹೋಗುತ್ತದೆ. ಚೆನ್ನಾಗಿ ದುಡಿಯಬೇಕಾದರೆ ನಿಮಿಷಕ್ಕೆ ಸುಮಾರು 2000 ಸುತ್ತಾದರೂ ಬೇಕು. ಚಕ್ರದ ಕಥೆ ಬೇರೆ. ಅರವತ್ತು ಸೆಂಟಿಮೀಟರ್ ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಕ್ರಮಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ 530 ಸುತ್ತು ತಿರುಗಿದರೆ, ಏರಿನಲ್ಲಿ 15 ಕಿಲೋಮೀಟರ್ ವೇಗದಲ್ಲಿ ತೆವಳುವಾಗ ಕೇವಲ 133 ಸುತ್ತು. ಎಂಜಿನ್ನು ಎರಡೂ ಕಡೆ 2000 ಸುತ್ತೇ ತಿರುಗಬೇಕೆಂದರೆ ಮೊದಲ ಸಂದರ್ಭದಲ್ಲಿ ವೇಗವನ್ನು ನಾಲ್ಕನೇ ಒಂದು ಭಾಗಕ್ಕೆ, ಎರಡನೆಯದರಲ್ಲಿ ಹದಿನೈದನೇ ಒಂದು ಭಾಗಕ್ಕೆ ಇಳಿಸಬೇಕು. ಈ ಕೆಲಸ ಮಾಡುವುದೇ ಗೇರುಪೆಟ್ಟಿಗೆ.

ವೇಗ ಇಳಿದಷ್ಟೂ ತಿರುಗಿಸುವ ಬಲ, ಅಂದರೆ ಟಾರ್ಕ್, ಹೆಚ್ಚುತ್ತದೆ. ಸಣ್ಣ ಕಾರಿನ ಎಂಜಿನ್ 100 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ ಎಂದುಕೊಳ್ಳಿ. ಟಾಪ್ ಗೇರಿನಲ್ಲಿ ಅದು ಚಕ್ರದ ಬಳಿ ಹೆಚ್ಚೆಂದರೆ 1250 ನ್ಯೂಟನ್ ತಳ್ಳುಬಲವಾಗುತ್ತದೆ. ಮೊದಲ ಗೇರಿನಲ್ಲಿ 5000 ನ್ಯೂಟನ್. ಜನರೂ ಸೇರಿ 1200 ಕಿಲೋಗ್ರಾಂ ತೂಗುವ ಕಾರು ಏಳು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿದ್ದರೆ ಅದನ್ನು ಹಿಂದಕ್ಕೆಳೆಯುವ ಬಲ ಸುಮಾರು 1680 ನ್ಯೂಟನ್. ಟಾಪ್ ಗೇರಿನಲ್ಲಿ ಕಾರು ಏಕೆ ಮುಕ್ಕರಿಸಿ ನಿಲ್ಲುತ್ತದೆ ಎಂಬುದು ಈ ಮೂರು ಅಂಕಿಗಳಲ್ಲೇ ಇದೆ.

ಅಂದಮೇಲೆ ಗೇರು ಯಾವ ಕಾರಿನಲ್ಲೂ ತಪ್ಪಿದ್ದಲ್ಲ. ಆಟೊಮ್ಯಾಟಿಕ್ ಕಾರಿನಲ್ಲಿ ಗೇರು ಇಲ್ಲವೆನ್ನುವುದು ತಪ್ಪು ತಿಳಿವಳಿಕೆ. ಬದಲಾಯಿಸುವವರು ಯಾರು ಎಂಬುದಷ್ಟೇ ವ್ಯತ್ಯಾಸ.

ಕೈ ಗೇರಿನ ಕಸುಬು

ಕೈಯಿಂದ ಗೇರು ಹಾಕುವ ಕಾರಿನಲ್ಲಿ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ಚಿದೆ. ಒತ್ತಿ ಹಿಡಿದ ಎರಡು ತಟ್ಟೆಗಳಂತೆ ಅದು ಘರ್ಷಣೆಯಿಂದ ಬಲ ಸಾಗಿಸುತ್ತದೆ. ಪೆಡಲ್ ತುಳಿದಾಗ ತಟ್ಟೆಗಳು ಬೇರೆಯಾಗುತ್ತವೆ. ಆ ಗಳಿಗೆಯಲ್ಲಿ ಗೇರು ಬದಲಾಯಿಸಬೇಕು. ಹಿಂದೆ ಬೇರೆ ಬೇರೆ ವೇಗದಲ್ಲಿ ತಿರುಗುವ ಹಲ್ಲುಗಳನ್ನು ಕೂಡಿಸುವುದು ದೊಡ್ಡ ಸಾಹಸವಾಗಿತ್ತು. ಹಳೆಯ ಲಾರಿ ಚಾಲಕರು ಎರಡೆರಡು ಸಲ ಕ್ಲಚ್ ತುಳಿದು ‘ಡಬಲ್ ಕ್ಲಚ್’ ಮಾಡುತ್ತಿದ್ದುದು ಇದಕ್ಕಾಗಿಯೇ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಸಿಂಕ್ರೊಮೆಶ್ ಎಂಬ ವ್ಯವಸ್ಥೆ, ಹಲ್ಲುಗಳು ಕೂಡುವ ಮೊದಲೇ ಎರಡರ ವೇಗವನ್ನೂ ಸಮ ಮಾಡಿ, ಈ ಕಷ್ಟವನ್ನು ನೀಗಿಸಿತು.

ಇಂಥ ಪೆಟ್ಟಿಗೆ ಸರಳ, ಅಗ್ಗ, ಬಲವನ್ನು ಹೆಚ್ಚು ಪೋಲು ಮಾಡದು. ಬೆಂಗಳೂರಿನ ಪಕ್ಕದ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಕಾರ್ಖಾನೆ 2004ರಲ್ಲಿ ಉತ್ಪಾದನೆ ಆರಂಭಿಸಿದ್ದು ಕೈಯಿಂದ ಹಾಕುವ ಗೇರುಪೆಟ್ಟಿಗೆಗಳಿಂದಲೇ. ಅಲ್ಲಿ ತಯಾರಾದವು ಹೊರದೇಶಗಳಿಗೂ ಹೋದವು ಎಂಬುದು ಕನ್ನಡ ನಾಡಿನ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ.

ಎರಡು ಫ್ಯಾನುಗಳ ಉಪಾಯ

ಮನೆಯಲ್ಲಿ ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು, ಒಂದಕ್ಕೆ ಮಾತ್ರ ವಿದ್ಯುತ್ ಕೊಡಿ. ಅದರ ಗಾಳಿಗೆ ಇನ್ನೊಂದು ಫ್ಯಾನೂ ಮೆಲ್ಲಗೆ ತಿರುಗಬಹುದು. ಎರಡರ ನಡುವೆ ಕಬ್ಬಿಣದ ಸಂಪರ್ಕವಿಲ್ಲ. ಆದರೂ ಬಲ ಸಾಗಿತು. ಗಾಳಿಯ ಬದಲು ಎಣ್ಣೆ ತುಂಬಿದರೆ ಈ ಸಂಪರ್ಕ ಬಹಳ ಗಟ್ಟಿಯಾಗುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಯೋಚಿಸಿದ್ದು ಇದನ್ನೇ. ಎರಡು ಚಕ್ರಗಳ ನಡುವೆ ಎಣ್ಣೆಯ ಹರಿವನ್ನು ತಿರುಗಿಸುವ ಮೂರನೆಯ ಚಕ್ರ ಇಟ್ಟರೆ, ಹೊರಡುವ ಹೊತ್ತಿನಲ್ಲಿ ಟಾರ್ಕ್ ಸುಮಾರು ಎರಡು ಪಟ್ಟಾಗುತ್ತದೆ. ಇದೇ ಟಾರ್ಕ್ ಕನ್ವರ್ಟರ್. ಎಣ್ಣೆ ಜಾರುವುದರಿಂದ ಕಾರು ನಿಂತರೂ ಎಂಜಿನ್ ಆರುವುದಿಲ್ಲ. ಕ್ಲಚ್ ಪೆಡಲೇ ಬೇಡ.

ಇದರ ಹಿಂದೆ ಗ್ರಹಗೇರುಗಳಿರುತ್ತವೆ. ನಡುವೆ ‘ಸೂರ್ಯ’ ಗೇರು, ಸುತ್ತ ‘ಗ್ರಹ’ ಗೇರುಗಳು, ಹೊರಗೊಂದು ಬಳೆ. ಯಾವುದನ್ನು ಹಿಡಿದು ನಿಲ್ಲಿಸುತ್ತೇವೆ ಎಂಬುದರ ಮೇಲೆ ವೇಗದ ಪ್ರಮಾಣ ಬದಲಾಗುತ್ತದೆ. ಹಲ್ಲುಗಳು ಸದಾ ಕೂಡಿಯೇ ಇರುವುದರಿಂದ ಬಲ ಕಡಿಯದೆ ಗೇರು ಬದಲಾಗುತ್ತದೆ. 1939ರಲ್ಲಿ ಜನರಲ್ ಮೋಟಾರ್ಸ್ ಹೊರತಂದ ಹೈಡ್ರಾಮ್ಯಾಟಿಕ್, ದೊಡ್ಡ ಸಂಖ್ಯೆಯಲ್ಲಿ ಮಾರಾಟವಾದ ಇಂಥ ಮೊದಲ ಪೆಟ್ಟಿಗೆ.

ಆದರೆ ಎಣ್ಣೆ ಜಾರಿದಷ್ಟೂ ಪೆಟ್ರೋಲು ಬಿಸಿಯಾಗಿ ಪೋಲಾಗುತ್ತದೆ. ‘ಆಟೊಮ್ಯಾಟಿಕ್ ಎಂದರೆ ಪೆಟ್ರೋಲ್ ಕುಡುಕ’ ಎಂಬ ಅಪಖ್ಯಾತಿ ಬಂದದ್ದು ಹೀಗೆ. ಮೂರು ನಾಲ್ಕು ಗೇರುಗಳ ಹಳೆಯ ಪೆಟ್ಟಿಗೆಗಳಿಗೆ ಅದು ನಿಜವೂ ಆಗಿತ್ತು. ಈಗ ಆರು, ಎಂಟು ಗೇರುಗಳಿವೆ. ವೇಗ ಕೂಡಿಕೊಂಡೊಡನೆ ಎಣ್ಣೆಯ ಜಾರಾಟ ತಪ್ಪಿಸಿ ಎರಡು ಚಕ್ರಗಳನ್ನೂ ಬೀಗ ಹಾಕಿದಂತೆ ಬಿಗಿಯುವ ಕ್ಲಚ್ಚಿದೆ. ಗೇರನ್ನು ಕಂಪ್ಯೂಟರ್ ಆರಿಸುತ್ತದೆ. ಹಾಗಾಗಿ ಹಳೆಯ ಅಂತರ ಬಹುಮಟ್ಟಿಗೆ ಮುಚ್ಚಿಹೋಗಿದೆ.

ಹೆಸರೊಂದು, ಬಗೆ ಹಲವು

ಅಂಗಡಿಯಲ್ಲಿ ‘ಆಟೊಮ್ಯಾಟಿಕ್’ ಎಂದು ಮಾರುವುದೆಲ್ಲ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಭಾರತದಲ್ಲಿ ಜನಪ್ರಿಯವಾದ ಎಎಂಟಿ, ಮೂಲತಃ ಕೈ ಗೇರಿನ ಪೆಟ್ಟಿಗೆಯೇ; ಕ್ಲಚ್ ತುಳಿಯುವ, ಗೇರು ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಅಗ್ಗ, ಮಿತವ್ಯಯಿ. ಗೇರು ಬದಲಾಗುವಾಗ ಮಾತ್ರ ತಲೆ ತುಸು ಮುಂದಕ್ಕೆ ವಾಲುತ್ತದೆ. ಸಿವಿಟಿಯಲ್ಲಿ ಅಗಲ ಬದಲಾಗುವ ಎರಡು ರಾಟೆಗಳ ನಡುವೆ ಬೆಲ್ಟ್ ಓಡುತ್ತದೆ. ಮೆಟ್ಟಿಲುಗಳಿಲ್ಲದ ಇಳಿಜಾರಿನಂತೆ ಪ್ರಮಾಣ ಬದಲಾಗುತ್ತದೆ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿನಲ್ಲಿದ್ದುದು ಇದೇ ತತ್ವ. ಇನ್ನು ಎರಡು ಕ್ಲಚ್ಚಿನ ಡಿಸಿಟಿಯಲ್ಲಿ ಒಂದು ಕ್ಲಚ್ಚು ಬೆಸ ಗೇರುಗಳಿಗೆ, ಇನ್ನೊಂದು ಸರಿ ಗೇರುಗಳಿಗೆ. ಮುಂದಿನ ಗೇರು ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆ ಚುರುಕು.

ಊರೊಳಗಿನ ಸಂದಣಿಯಲ್ಲಿ ಇವೆಲ್ಲದರ ಉಪಕಾರ ದೊಡ್ಡದು. ಬೆಂಗಳೂರಿನ ನಗರ ಸಾರಿಗೆಯ ವೋಲ್ವೊ ಬಸ್ಸುಗಳಲ್ಲಿ ಆಟೊಮ್ಯಾಟಿಕ್ ಗೇರು ಇರುವುದು ಭೋಗಕ್ಕಲ್ಲ. ಸಿಗ್ನಲಿನಿಂದ ಸಿಗ್ನಲಿಗೆ ದಿನವಿಡೀ ಕ್ಲಚ್ ತುಳಿಯುವ ಚಾಲಕನ ಮಂಡಿ ಉಳಿಯುತ್ತದೆ, ನಿಂತ ಪ್ರಯಾಣಿಕರಿಗೆ ಜೋಲಿ ತಪ್ಪುತ್ತದೆ.

ಇಳಿಯುವಾಗಿನ ಪರೀಕ್ಷೆ

ಮತ್ತೆ ಜೋಗಿಮಟ್ಟಿಗೆ ಬರೋಣ. ಕಾರು ಸಲೀಸಾಗಿ ಮೇಲೇರಿತು. ಅಪ್ಪ ಗೆದ್ದ ನಗೆ ನಕ್ಕರು. ನಿಜವಾದ ಪರೀಕ್ಷೆ ಇಳಿಯುವಾಗ.

ಕಾರು 300 ಮೀಟರ್ ಎತ್ತರದಿಂದ ಇಳಿಯುತ್ತದೆ ಎನ್ನಿ. 1200 ಕಿಲೋಗ್ರಾಂ ಕಾರು ಕಳೆದುಕೊಳ್ಳುವ ಸ್ಥಿತಿಜ ಶಕ್ತಿ ಸುಮಾರು 35 ಲಕ್ಷ ಜೌಲ್. ಹನ್ನೊಂದು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಸಾಕಾಗುವ ಶಾಖ ಇದು. ವೇಗ ಹೆಚ್ಚದಂತೆ ಬರೀ ಬ್ರೇಕ್ ಒತ್ತುತ್ತಾ ಇಳಿದರೆ ಈ ಶಾಖದ ಬಹುಪಾಲು ಬ್ರೇಕುಗಳಲ್ಲೇ ಹುಟ್ಟುತ್ತದೆ. ಬ್ರೇಕು ಅತಿಯಾಗಿ ಕಾದರೆ ಅದರ ಹಿಡಿತ ಸಡಿಲವಾಗುತ್ತದೆ, ಬ್ರೇಕ್ ಎಣ್ಣೆ ಕುದಿದರೆ ಪೆಡಲ್ ಮೆತ್ತಗಾಗಿ ಒಳಕ್ಕಿಳಿಯುತ್ತದೆ. ಸುಟ್ಟ ವಾಸನೆ ಬಂದರೆ ಅದು ಎಚ್ಚರಿಕೆಯ ಗಂಟೆ.

ಮಾವನ ಲಾರಿ ವಿದ್ಯೆ ಉಪಯೋಗಕ್ಕೆ ಬರುವುದು ಇಲ್ಲಿಯೇ. “ಹತ್ತಿದ ಗೇರಿನಲ್ಲೇ ಇಳಿಯಬೇಕು ಭಾವ” ಎಂಬುದು ಘಾಟಿಯ ಹಳೆಯ ನಿಯಮ. ಕೆಳಗಿನ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳು ಎಂಜಿನ್ನನ್ನು ಬಲವಂತವಾಗಿ ತಿರುಗಿಸಬೇಕಾಗುತ್ತದೆ. ಎಂಜಿನ್ನು ಆಗ ತಾನೇ ಬ್ರೇಕಾಗಿ ದುಡಿಯುತ್ತದೆ, ಶಾಖದ ದೊಡ್ಡ ಪಾಲನ್ನು ಹೊರುತ್ತದೆ. ಕೈ ಗೇರಿನ ಚಾಲಕನಿಗೆ ಇದು ರೂಢಿ. ಆಟೊಮ್ಯಾಟಿಕ್ ಕಾರನ್ನು ‘ಡಿ’ಯಲ್ಲಿಟ್ಟು ಕಾಲು ತೆಗೆದರೆ ಪೆಟ್ಟಿಗೆ ಮೇಲಿನ ಗೇರಿಗೆ ಹೋಗಿಬಿಡಬಹುದು, ಎಂಜಿನ್ನಿನ ಹಿಡಿತ ತಪ್ಪುತ್ತದೆ. ಕೆಲವು ಹೊಸ ಕಾರುಗಳು ಇಳಿಜಾರನ್ನು ತಾವೇ ಗುರುತಿಸಿ ಗೇರು ಇಳಿಸುತ್ತವೆ, ಎಲ್ಲವೂ ಅಲ್ಲ. ಅದಕ್ಕಾಗಿಯೇ ಗೇರಿನ ಸನ್ನೆಯ ಬಳಿ ‘ಎಲ್’, ‘2’ ಅಥವಾ ಕೈಯಾರೆ ಇಳಿಸುವ ‘ಕಳೆ’ ಚಿಹ್ನೆ ಇಟ್ಟಿರುತ್ತಾರೆ. ಕಾರು ಕೊಂಡವರಲ್ಲಿ ಎಷ್ಟು ಮಂದಿ ಅದನ್ನು ಒಮ್ಮೆಯಾದರೂ ಮುಟ್ಟಿದ್ದಾರೆ?

ಇನ್ನೊಂದು ಕೆಟ್ಟ ರೂಢಿ, ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು. ಇದರಿಂದ ಎಂಜಿನ್ ಬ್ರೇಕ್ ಪೂರ್ತಿ ಹೋಗುತ್ತದೆ. ಉಳಿತಾಯವೂ ಸುಳ್ಳು. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿದ್ದು ಕಾಲು ತೆಗೆದಾಗ ಪೆಟ್ರೋಲ್ ಹರಿವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲಿನಲ್ಲಿ ಆರದಿರಲು ಸ್ವಲ್ಪ ಕುಡಿಯುತ್ತಲೇ ಇರುತ್ತವೆ. ಹಾಗೆಯೇ ಎಎಂಟಿ ಕಾರನ್ನು ಏರಿನಲ್ಲಿ ನಿಲ್ಲಿಸಬೇಕಾದರೆ ಬ್ರೇಕಿನಿಂದ ಹಿಡಿಯಬೇಕು. ಆಕ್ಸಿಲರೇಟರ್ ಒತ್ತಿ ಹಿಡಿದರೆ ಒಳಗಿರುವ ಕ್ಲಚ್ಚು ಸುಡುತ್ತದೆ.

ಪೋಷಕರಿಗೊಂದು ಮಾತು. ಮಕ್ಕಳು ಮೊದಲು ಕೈ ಗೇರಿನ ಕಾರಿನಲ್ಲೇ ಕಲಿಯುವುದು ಒಳ್ಳೆಯದು. ಎಂಜಿನ್ನು ಯಾವಾಗ ಏದುಸಿರು ಬಿಡುತ್ತದೆ, ಯಾವ ಗೇರು ಎಷ್ಟು ಹಿಡಿಯುತ್ತದೆ ಎಂಬುದು ಅಲ್ಲಿ ಕೈಕಾಲಿಗೆ ತಿಳಿಯುತ್ತದೆ. ಆಮೇಲೆ ಆಟೊಮ್ಯಾಟಿಕ್ ಕೊಂಡರೆ ಆ ಅರಿವು ಜೊತೆಗಿರುತ್ತದೆ. ಗೇರಿಲ್ಲದ ಸ್ಕೂಟರ್ ಸುಲಭವೆಂದು 18 ತುಂಬದ ಮಕ್ಕಳ ಕೈಗೆ ಕೊಡುವುದಂತೂ ಬೇಡ. 50 ಸಿಸಿ ಮೀರಿದ ವಾಹನಕ್ಕೆ ಆ ವಯಸ್ಸಾಗಲೇಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೂ ಮಾಲೀಕರಿಗೂ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಇದೆ.

ಬೆಟ್ಟದ ಮೇಲಿನ ಗೇರು

ಇಳಿಯುವ ಮೊದಲು ಮಗಳು ಗಾಳಿಯಂತ್ರದ ಕಡೆ ಕೈ ತೋರಿಸುತ್ತಾಳೆ. “ಅದಕ್ಕೂ ಗೇರಿದೆಯಾ ಮಾವ?” ಹಲವಕ್ಕೆ ಇದೆ. ಆದರೆ ಕೆಲಸ ಕಾರಿಗೆ ತದ್ವಿರುದ್ಧ. ದೊಡ್ಡ ರೆಕ್ಕೆಗಳು ನಿಮಿಷಕ್ಕೆ ಹದಿನೈದು ಇಪ್ಪತ್ತು ಸುತ್ತು ಬಂದರೆ ಜನರೇಟರಿಗೆ 1500 ಸುತ್ತಿನಷ್ಟು ಬೇಕು. ಅಲ್ಲೂ ದುಡಿಯುವುದು ಅದೇ ಸೂರ್ಯ, ಗ್ರಹಗಳ ಗೇರು. ದೊಡ್ಡ ವರ್ತುಲದ ಜನರೇಟರ್ ಇಟ್ಟು ಗೇರನ್ನೇ ಬಿಟ್ಟ ಯಂತ್ರಗಳೂ ಇವೆ. ಬ್ಯಾಟರಿ ಕಾರುಗಳಲ್ಲೂ ಸಾಮಾನ್ಯವಾಗಿ ಒಂದೇ ಪ್ರಮಾಣದ ಗೇರು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡುವುದರಿಂದ ಬದಲಾಯಿಸುವ ಗೋಜಿಲ್ಲ. ಇಳಿಯುವಾಗ ಅದೇ ಮೋಟಾರು ಜನರೇಟರಾಗಿ, ಬ್ರೇಕಿನಲ್ಲಿ ಸುಟ್ಟುಹೋಗಬಹುದಾಗಿದ್ದ ಶಕ್ತಿಯಲ್ಲಿ ಒಂದಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ.

ಅಪ್ಪ ಸನ್ನೆಯನ್ನು ‘ಎಲ್’ಗೆ ಎಳೆಯುತ್ತಾರೆ. ಎಂಜಿನ್ನು ತುಸು ಗುರ್ರೆನ್ನುತ್ತದೆ, ಕಾರು ಹಿಡಿದಂತೆ ಮೆಲ್ಲಗೆ ಇಳಿಯುತ್ತದೆ. ಮಾವನಿಗೆ ಈಗ ಆಕ್ಷೇಪಣೆಯೇನೂ ಇಲ್ಲ. ಹತ್ತುವುದನ್ನು ಯಂತ್ರಕ್ಕೆ ಬಿಡಬಹುದು. ಇಳಿಯುವಾಗ ಮಾತ್ರ ಯಾವ ಗೇರಿನಲ್ಲಿದ್ದೇವೆ ಎಂಬುದು ಮನುಷ್ಯನಿಗೇ ಗೊತ್ತಿರಬೇಕು.