ಬ್ರೋಕರ್ ಯಾರ ವಕೀಲ?

ಸಹೋದರಿಯರೇ, ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಲ್ಲಿ ಮನೆ ಖರೀದಿಯ ಓಡಾಟವೆಲ್ಲ ಹೆಂಗಸರ ಪಾಲಿಗೇ ಬಂದಿದೆ. ಗಂಡ ದಮ್ಮಾಮ್‌ನಲ್ಲೋ ದುಬೈಯಲ್ಲೋ ಇರುತ್ತಾನೆ. ಮನೆ ನೋಡುವವಳು, ಬ್ರೋಕರ್ ಜೊತೆ ಮಾತಾಡುವವಳು, ರಾತ್ರಿ ಫೋನಿನಲ್ಲಿ ಗಂಡನಿಗೆ ಎಲ್ಲವನ್ನೂ ವಿವರಿಸುವವಳು ಹೆಂಡತಿ. “ತಂಗೀ, ನಾನು ನಿಮ್ಮ ಕಡೆಯವನು, ಹೆದರಬೇಡಿ” ಎಂದು ಬ್ರೋಕರ್ ಹೇಳುತ್ತಾನೆ. ಅವನು ನಿಜಕ್ಕೂ ಯಾರ ಕಡೆಯವನು ಎಂದು ನಾವು ಕೇಳುವುದೇ ಇಲ್ಲ.

ದಲ್ಲಾಳಿತನವೇ ಹರಾಮ್ ಎಂದು ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ದಲ್ಲಾಳಿಗೆ ಅರಬಿಯಲ್ಲಿ ಸಿಮ್ಸಾರ್ ಎನ್ನುತ್ತಾರೆ. ಇಬ್ನು ಸೀರೀನ್, ಅತಾ, ಹಸನ್‌ರಂಥ ಹಿರಿಯ ವಿದ್ವಾಂಸರು ಸಿಮ್ಸಾರನ ಕೂಲಿಯಲ್ಲಿ ತಪ್ಪು ಕಂಡಿಲ್ಲವೆಂದು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಊರೂರು ಸುತ್ತಿ, ಮನೆ ಹುಡುಕಿ, ಎರಡು ಕಡೆಯವರನ್ನು ಕೂಡಿಸುವುದು ದುಡಿಮೆಯೇ. ದುಡಿಮೆಗೆ ಕೂಲಿ ಇದ್ದೇ ಇದೆ.

ಆದರೆ ನಿಮ್ಮ ಪರವಾಗಿ ಖರೀದಿಸುವವನು ಬರೀ ಸಿಮ್ಸಾರನಲ್ಲ, ನಿಮ್ಮ ವಕೀಲ. ಕೋರ್ಟಿನ ಕರಿಕೋಟಿನವರಿಗೆ ನಾವು ಹೇಳುವ ವಕೀಲ ಎಂಬ ಪದವೂ ಅದೇ ಅರಬಿ ಪದ. ಇನ್ನೊಬ್ಬರ ಕೆಲಸವನ್ನು ಅವರ ಪರವಾಗಿ ವಹಿಸಿಕೊಂಡವನು ಎಂದು ಅರ್ಥ. ಪ್ರವಾದಿವರ್ಯರು(ಸ) ಒಂದು ಕುರಿ ತರಲು ಹಝ್ರತ್ ಉರ್ವಾ ಅಲ್ ಬಾರಿಕೀ(ರ)ಯವರಿಗೆ ಒಂದು ದೀನಾರ್ ಕೊಟ್ಟಿದ್ದರು. ಅವರು ಚೌಕಾಸಿ ಮಾಡಿ ಅದೇ ದೀನಾರಿಗೆ ಎರಡು ಕುರಿ ಕೊಂಡರು. ಒಂದನ್ನು ಒಂದು ದೀನಾರಿಗೆ ಮಾರಿ, ಒಂದು ಕುರಿಯನ್ನೂ ಒಂದು ದೀನಾರನ್ನೂ ತಂದೊಪ್ಪಿಸಿದರು. ಪ್ರವಾದಿ(ಸ)ಯವರು ಅವರ ವ್ಯಾಪಾರದಲ್ಲಿ ಬರಕತ್ತಿಗಾಗಿ ದುಆ ಮಾಡಿದರು. ಈ ಘಟನೆಯೂ ಬುಖಾರಿಯಲ್ಲಿದೆ. ಲಾಭ ಉರ್ವಾರ ಜಾಣ್ಮೆಯಿಂದ ಬಂದದ್ದು. ಆದರೂ ಅದು ಹಣ ಕೊಟ್ಟವರ ಕೈ ಸೇರಿತು.

ನಮ್ಮಲ್ಲಿ ನಡೆಯುವುದೇನು? ಮಾಲಕ “ನನಗೆ 35 ಲಕ್ಷ ಸಿಗಲಿ, ಮೇಲೆ ಬಂದದ್ದು ನಿನಗೆ” ಎಂದಿರುತ್ತಾನೆ. ಬ್ರೋಕರ್ ನಿಮಗೆ 38 ಲಕ್ಷ ಹೇಳುತ್ತಾನೆ. ಮೂರು ಲಕ್ಷ ಅಲ್ಲೇ ಸಿಕ್ಕಿತು. ಅದರ ಮೇಲೆ ನಿಮ್ಮಿಂದ ಶೇ. 2ರ ಕಮಿಷನ್, ಅಂದರೆ ಇನ್ನೂ 76 ಸಾವಿರ. ಮಾರುವವನೊಂದಿಗೆ ಇಂಥ ಒಪ್ಪಂದ ಮಾಡಿಕೊಳ್ಳುವುದರಲ್ಲಿ ದೋಷವಿಲ್ಲವೆಂದು ಇಬ್ನು ಅಬ್ಬಾಸ್(ರ) ಹೇಳಿರುವುದುಂಟು. ಆದರೆ ಹಾಗೆ ಒಪ್ಪಿಕೊಂಡವನು ಮಾರುವವನ ಮನುಷ್ಯ. ಬೆಲೆ ಏರಿದಷ್ಟೂ ಅವನಿಗೆ ಲಾಭ. ಅದನ್ನು ಮುಚ್ಚಿಟ್ಟು ನಿಮ್ಮ ವಕೀಲನೆಂದು ಹೇಳಿಕೊಂಡು ನಿಮ್ಮಿಂದಲೂ ಕೂಲಿ ಪಡೆಯುವುದು ಮೋಸವಲ್ಲದೆ ಇನ್ನೇನು?

ಆದ್ದರಿಂದ ಮೊದಲ ದಿನವೇ ನೇರವಾಗಿ ಕೇಳಿಬಿಡಿ: ನಿಮಗೆ ಮಾಲಕನಿಂದಲೂ ಹಣ ಬರುತ್ತದೆಯೇ? ಎಷ್ಟು? ನಮ್ಮಿಂದ ಎಷ್ಟು, ಯಾವಾಗ? ಉತ್ತರವನ್ನು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸಿದ ಧರ್ಮ ನಮ್ಮದು, ಬರೆಸಿಕೊಳ್ಳಲು ಸಂಕೋಚವೇಕೆ? ಟೋಕನ್ ಕೊಡುವ ಮುನ್ನ ಮಾಲಕನನ್ನು ಮುಖತಃ ಭೇಟಿಯಾಗಿ, ಅವನ ಬಾಯಿಂದಲೇ ಬೆಲೆ ಕೇಳಿ. ಭೇಟಿಗೆ ಬ್ರೋಕರ್ ಅಡ್ಡಿ ಹೇಳಿದರೆ ಎಚ್ಚರವಹಿಸಿ. ಅಡ್ವಾನ್ಸ್ ಬ್ಯಾಂಕ್ ಮೂಲಕ ಮಾಲಕನ ಖಾತೆಗೇ ಹೋಗಲಿ. ಮನೆ-ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದೆ.

“ಇನ್ನೊಂದು ಪಾರ್ಟಿ ಸಂಜೆಯೇ ಅಡ್ವಾನ್ಸ್ ಕೊಡಲು ಸಿದ್ಧವಿದೆ” ಎಂಬ ಮಾತು ಬಂದೇ ಬರುತ್ತದೆ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸುವುದಕ್ಕೆ ನಜ್ಶ್ ಎನ್ನುತ್ತಾರೆ. ಪ್ರವಾದಿ(ಸ)ಯವರು ಅದನ್ನು ನಿಷೇಧಿಸಿದ್ದಾರೆ. ಇಲ್ಲದ ಗಿರಾಕಿಯನ್ನು ಸೃಷ್ಟಿಸುವುದೂ ಅದೇ ಜಾತಿಯ ಕೆಲಸ. ಆ ಸಂಜೆ ಮನೆ ಕೈತಪ್ಪಿದರೆ ತಪ್ಪಲಿ ಬಿಡಿ.

ಕಾಗದಪತ್ರವನ್ನಂತೂ ಬ್ರೋಕರ್ ಕೈಯಿಂದ ಬಂದ ಝೆರಾಕ್ಸ್ ನೋಡಿ ನಂಬಬೇಡಿ. ಇ.ಸಿ.ಯನ್ನು ನೀವೇ ತೆಗೆಸಿ, ನಿಮ್ಮದೇ ವಕೀಲರಿಗೆ ತೋರಿಸಿ. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ತಂದೆ ತೀರಿಕೊಂಡ ಬಳಿಕ ಅಣ್ಣತಮ್ಮಂದಿರಷ್ಟೇ ಸೇರಿ ಮಾರುತ್ತಿರುವ ಮನೆಯಲ್ಲಿ ಸಹೋದರಿಯರ, ತಾಯಿಯ ಪಾಲು ಉಳಿದಿದ್ದರೆ ಅದು ಅಲ್ಲಿ ಕಾಣುವುದಿಲ್ಲ. ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳೂ ಸಹಿ ಹಾಕುತ್ತಾರೆಯೇ ವಿಚಾರಿಸಿ. “ಅವರಿಗೆ ಚಿನ್ನ ಕೊಟ್ಟು ಮದುವೆ ಮಾಡಿ ಆಗಿದೆ” ಎಂದು ಬ್ರೋಕರ್ ಸಮಜಾಯಿಷಿ ಕೊಟ್ಟಾನು. ಅಲ್ಲಾಹನು ನಿಗದಿಪಡಿಸಿದ ಪಾಲು ಮದುವೆಯ ಖರ್ಚಿನಲ್ಲಿ ತೀರುವಂಥದ್ದಲ್ಲ. ಕೋರ್ಟಿನ ಮಾತು ಹಾಗಿರಲಿ, ಇನ್ನೊಬ್ಬ ಹೆಣ್ಣಿನ ಹಕ್ಕಿನ ಮೇಲೆ ನಿಂತು ನಮಾಝ್ ಮಾಡಲು ನಿಮಗೆ ಮನಸ್ಸು ಬಂದೀತೇ?

ಹೊಸ ಫ್ಲ್ಯಾಟ್ ಅಥವಾ ಲೇಔಟ್ ಸೈಟ್ ಆದರೆ 2016ರ ರೇರಾ ಕಾನೂನಿದೆ. ರೇರಾದಲ್ಲಿ ನೋಂದಣಿಯಾಗಬೇಕಾದ ಯೋಜನೆಗಳಲ್ಲಿ ಮಾರಾಟ ಮಾಡಿಸುವ ಏಜೆಂಟನೂ ನೋಂದಣಿ ಮಾಡಿಸಿಕೊಂಡಿರಬೇಕು. ಅವನ ನೋಂದಣಿ ಸಂಖ್ಯೆ ಕೇಳಿ. ಹಳೆಯ ಮನೆಯ ಮರುಮಾರಾಟಕ್ಕೆ ಸಾಮಾನ್ಯವಾಗಿ ಈ ರಕ್ಷಣೆಯಿಲ್ಲ. ಅಲ್ಲಿ ನೀವು ಬರೆಸಿಕೊಂಡ ಕಾಗದವೇ ಆಧಾರ.

ಬ್ರೋಕರನ್ನು ಮಾತ್ರ ದೂರಿದರೆ ಅನ್ಯಾಯವಾದೀತು. ಮನೆ ತೋರಿಸಿದವನನ್ನು ಬಿಟ್ಟು, ಮರುದಿನ ಹಿಂಬಾಗಿಲಿನಿಂದ ಮಾಲಕನ ಬಳಿ ಹೋಗಿ ವ್ಯಾಪಾರ ಕುದುರಿಸಿ ಕಮಿಷನ್ ಉಳಿಸಿದ್ದನ್ನು ಜಾಣತನವೆಂದು ಹೇಳಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಕೂಲಿಯಾಳಿನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸ್ ಗದ್ದೆ ಕೆಲಸದವನಿಗೆ ಮಾತ್ರ ಅನ್ವಯಿಸುವುದಲ್ಲ. ರಿಜಿಸ್ಟ್ರೇಶನ್ ಮುಗಿದ ದಿನವೇ, ಮಾತಾದಷ್ಟು ಹಣವನ್ನು ಅವನ ಖಾತೆಗೆ ಹಾಕಿ ರಶೀದಿ ಪಡೆಯಿರಿ.