ಫ್ರೀ ಮಾಡೋದಕ್ಕೂ ಮಾರ್ಕ್ಸ್ ಕೊಡಿ

ಲ್ಯಾಬ್‌ನಲ್ಲಿ ಔಟ್‌ಪುಟ್ ಬಂದ್ರೆ ಮುಗೀತು, ಮೆಮೊರಿ ಫ್ರೀ ಮಾಡಿದ್ರಾ ಅಂತ ಯಾರೂ ಕೇಳಲ್ಲ. ಪ್ರೋಗ್ರಾಂ ಮುಗಿದ ತಕ್ಷಣ ಓಎಸ್ ಎಲ್ಲಾ ಗುಡಿಸಿ ಹಾಕುತ್ತೆ. ಆದ್ರೆ ಕರ್ನಲ್ ಒಳಗೆ ನಮ್ಮ ಹಿಂದೆ ಗುಡಿಸೋರು ಯಾರೂ ಇಲ್ಲ.

ಲಿನಕ್ಸ್‌ನ ನೆಟ್‌ವರ್ಕ್ ಡ್ರೈವರ್ ನೋಡಿ. ನೆಟ್ ಡಿವೈಸ್ ಸ್ಟ್ರಕ್ಚರನ್ನು ಮೊದಲು ಅಲೊಕೇಟ್ ಮಾಡಿ, ಆಮೇಲೆ ರಿಜಿಸ್ಟರ್ ಮಾಡ್ಬೇಕು. ಡ್ರೈವರ್ ತೆಗೆಯುವಾಗ ಮೊದಲು ಅನ್‌ರಿಜಿಸ್ಟರ್, ಆಮೇಲೆ ಫ್ರೀ. ಕರ್ನಲ್‌ನ ಬೇರೆ ಭಾಗಗಳೂ ಅದನ್ನ ಹಿಡ್ಕೊಂಡಿರುತ್ವೆ. ಅವು ಬಿಡೋವರೆಗೂ ಅನ್‌ರಿಜಿಸ್ಟರ್ ಕಾಯುತ್ತೆ. ಆ ಹೆಜ್ಜೆ ಬಿಟ್ಟು ನೇರವಾಗಿ ಫ್ರೀ ಮಾಡಿದ್ರೆ ಇಡೀ ಸಿಸ್ಟಮ್ಮೇ ಕ್ರ್ಯಾಶ್ ಆಗಬಹುದು. ರಿಜಿಸ್ಟರ್ ಫೇಲಾದ್ರೂ ಫ್ರೀ ಮಾಡೋದು ನಮ್ಮ ಕೆಲಸವೇ. ಮರೆತ್ರೆ ಆ ಮೆಮೊರಿ ರೀಬೂಟ್ ಆಗೋವರೆಗೂ ವಾಪಸ್ ಬರಲ್ಲ.

ಈ ಶಿಸ್ತು ಕೆಲಸಕ್ಕೆ ಸೇರಿದ ಮೇಲೆ ತಾನಾಗೇ ಬರಲ್ಲ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲೇ ಶುರುವಾಗ್ಲಿ: 10 ಮಾರ್ಕ್ಸ್‌ನಲ್ಲಿ 2 ಫ್ರೀ ಮಾಡೋದಕ್ಕೆ ಇಡಿ.